ದಂಡಿನ ಹೊರಗೆ (ದಂಡು ಕಥೆಗಳು, ಭಾಗ 6)

ಕಂಟೋನ್ಮೆಂಟ್ ಸ್ಟೇಷನ್ ಬೋರ್ಡ್ ನೋಡಿದೀರಲ್ಲ, ಕನ್ನಡದಲ್ಲಿ 'ಬೆಂಗಳೂರು ದಂಡು' ಅಂತಿರುತ್ತೆ. ದಂಡು ಅಂದ್ರೆ ಸೈನ್ಯ, ಸೈನ್ಯ ಬೀಡುಬಿಟ್ಟ ಜಾಗ. ಕನ್ನಡ ಬೈಬಲ್‌ನಲ್ಲಿ ಇದಕ್ಕೆ ಪಾಳೆಯ ಅಂತಾರೆ. ಈ ಪದ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

1809ರಲ್ಲಿ ಬ್ರಿಟಿಷರು ಹಲಸೂರಿನ ಹತ್ರ ದಂಡು ಹಾಕಿದ ಮೇಲೆ ಬೆಂಗಳೂರು ಎರಡಾಯ್ತು. ಆ ಕಡೆ ಪೇಟೆ, ಈ ಕಡೆ ದಂಡು. 1870ರಲ್ಲಿ ಮಧ್ಯೆ ಕಬ್ಬನ್ ಪಾರ್ಕ್ ಬಂತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಸಿಕ್ಕಿದ್ರೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳೀತು. ರೈಲು ಕೂಡ ಮೊದಲು ಬಂದಿದ್ದು ದಂಡಿಗೇ, 1864ರಲ್ಲಿ.

ದಂಡಿನ ಒಳಗೂ ಗೆರೆಗಳಿದ್ವು. ಸೌತ್ ಪೆರೇಡ್ ಕಡೆ, ಅಂದ್ರೆ ಇವತ್ತಿನ ಎಂ.ಜಿ. ರೋಡ್ ಕಡೆ, ಬಂಗಲೆಗಳು. ಬ್ಲಾಕ್‌ಪಲ್ಲಿ, ಅಂದ್ರೆ ನಮ್ಮ ಶಿವಾಜಿನಗರದ ಕಡೆ, ಮದ್ರಾಸ್ ಸೈನ್ಯದ ಜೊತೆ ಬಂದ ತಮಿಳರು: ಸಿಪಾಯಿಗಳು, ಅಡುಗೆಯವರು, ಕುದುರೆ ನೋಡ್ಕೊಳ್ಳೋರು. ಅವರಲ್ಲಿ ಬಹಳ ಜನ ದಲಿತರು. ಚರ್ಚ್‌ಗಳೂ ಹಂಗೇ. ಬ್ರಿಟಿಷ್ ಸೈನಿಕರಿಗೆ ಟ್ರಿನಿಟಿ, ಸ್ಕಾಟ್‌ಲೆಂಡ್‌ನವರಿಗೆ ಸೇಂಟ್ ಆಂಡ್ರೂಸ್, ಪೇಟೆ ಕಡೆ ಕನ್ನಡದವರಿಗೆ ಹಡ್ಸನ್. ಒಬ್ಬನೇ ದೇವರು, ಗೇಟು ಬೇರೆ ಬೇರೆ.

ಈಗ ಎರಡನೇ ಫೋಟೋ. ಇದು ಮಿಲ್ಲರ್ಸ್ ರೋಡಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು. ಶುರುವಾಗಿದ್ದು 1910ರಲ್ಲಿ. 1981ರಲ್ಲಿ ಅರವಿಂದ್ ನಿರ್ಮಲ್ ಅನ್ನೋ ಮೇಷ್ಟ್ರು ಇಲ್ಲಿ ಒಂದು ಭಾಷಣ ಮಾಡಿದ್ರು, ವಿಷಯ 'ಶೂದ್ರ ದೇವಶಾಸ್ತ್ರದ ಕಡೆಗೆ'. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರು, ಆದ್ರೆ ಇಲ್ಲಿನ ಕ್ರೈಸ್ತ ಪಂಡಿತರು ಮಾತಾಡ್ತಿದ್ದಿದ್ದೆಲ್ಲ ವೇದಾಂತದ ಜೊತೆ. ಹಂಗಾದ್ರೆ ಕೇರಿಯವರ ಅನುಭವಕ್ಕೆ ದೇವಶಾಸ್ತ್ರದಲ್ಲಿ ಜಾಗ ಎಲ್ಲಿ ಅನ್ನೋದು ಅವರ ತಕರಾರು. ಇವತ್ತು ಜಗತ್ತಿನಾದ್ಯಂತ ಓದೋ ದಲಿತ ಥಿಯಾಲಜಿಯ ಆರಂಭ ಅಂತ ಈ ಭಾಷಣಾನೇ ಹೇಳ್ತಾರೆ. ನಮ್ಮ ದಂಡು ಸ್ಟೇಷನ್ನಿಂದ ನಡ್ಕೊಂಡು ಹೋಗೋಷ್ಟು ದೂರದಲ್ಲಿ ಆಗಿದ್ದು ಇದು. ಪಬ್ ಲಿಸ್ಟ್ ಹಾಕೋ ಪೇಜ್‌ಗಳು ಒಂದ್ಸಲ ಇದನ್ನೂ ಹಾಕ್ಬಹುದಿತ್ತು.

ದೇವಶಾಸ್ತ್ರಕ್ಕೂ ಜಾಗಕ್ಕೂ ಏನು ಸಂಬಂಧ ಅಂತೀರಾ? ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚ್ ಗೂಗಲ್ ಮಾಡಿ. 19ನೇ ಶತಮಾನದಲ್ಲಿ ಅದನ್ನ ಪ್ಯಾಂಟ್ ಆಕಾರದಲ್ಲಿ ಕಟ್ಟಿದ್ರು. ಒಂದು ಕಾಲಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು. ಎರಡೂ ಸೇರೋ ಕಡೆ ಪೂಜಾಪೀಠ. ಪಾದ್ರಿ ಇಬ್ಬರಿಗೂ ಕಾಣ್ತಾರೆ, ಇವರಿಗೆ ಅವರು ಕಾಣಲ್ಲ. ಮಧ್ಯದ ಗೋಡೆ ಒಡೆದಿದ್ದು 1910ರಲ್ಲಿ. ತಿರುಚಿರಾಪಳ್ಳಿಯಲ್ಲಂತೂ ಸ್ಮಶಾನದೊಳಗೇ ಗೋಡೆ: ಸತ್ತ ಮೇಲೂ ದಲಿತ ಕ್ರೈಸ್ತರು ಆ ಕಡೆ.

ಈಗ ಪಾಳೆಯಕ್ಕೆ ಬರೋಣ. ಬೈಬಲ್‌ನ ಇಬ್ರಿಯರಿಗೆ ಬರೆದ ಪತ್ರದಲ್ಲಿ ಒಂದು ವಿಚಾರ ಇದೆ. ಯೇಸು ಸತ್ತಿದ್ದು ಊರಬಾಗಿಲ ಆಚೆ, ಹಾಗಾಗಿ ಅವನನ್ನ ಹುಡುಕೋರು ಪಾಳೆಯ ಬಿಟ್ಟು ಹೊರಗೆ ಬರ್ಬೇಕು. ಮುಂದೆ ಮದ್ರಾಸ್ ಬಿಷಪ್ ಆದ ವಿ. ದೇವಸಹಾಯಂ ತಮ್ಮ ಪುಸ್ತಕಕ್ಕೆ 'ಔಟ್‌ಸೈಡ್ ದಿ ಕ್ಯಾಂಪ್' ಅಂತಾನೇ ಹೆಸರಿಟ್ರು. ನಮ್ಮ ಹಳ್ಳಿಗಳಲ್ಲಿ ಕೇರಿ ಇರೋದು ಊರ ಹೊರಗೆ. ಈ ಓದಿನ ಪ್ರಕಾರ ದೇವರೂ ಅಲ್ಲೇ ಸಿಗೋದು. ಅಂದ್ರೆ ಹೊರಗಿನವರನ್ನ ದೊಡ್ಡ ಮನಸ್ಸು ಮಾಡಿ ಒಳಗೆ ಕರ್ಕೊಳ್ಳೋದಲ್ಲ, ಒಳಗಿರೋರೇ ಎದ್ದು ಹೋಗ್ಬೇಕು.

ರಾಜಿ ಅನ್ನೋದನ್ನ ನಾವು ಸುಲಭವಾಗಿ ತಗೊಂಡಿದೀವಿ ಅನ್ಸುತ್ತೆ. 1947ರಲ್ಲಿ ದಂಡು ಮೈಸೂರಿಗೆ ವಾಪಸ್ ಬಂತು. ಅದೇ ವರ್ಷ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್, ಮೆಥಡಿಸ್ಟ್ ಎಲ್ಲ ಸೇರಿ ಸಿಎಸ್ಐ ಆಯ್ತು. ಮೇಲೆ ಹೇಳಿದ ಟ್ರಿನಿಟಿ, ಆಂಡ್ರೂಸ್, ಹಡ್ಸನ್ ಮೂರೂ ಇವತ್ತು ಸಿಎಸ್ಐ. 1949ರಲ್ಲಿ ಎರಡೂ ಮುನಿಸಿಪಾಲಿಟಿ ಸೇರಿ ಒಂದೇ ಕಾರ್ಪೊರೇಷನ್. ಬಿಕಾಂ ಕಣ್ಣಲ್ಲಿ ನೋಡಿದ್ರೆ ಎಲ್ಲ ಪಕ್ಕಾ ಮರ್ಜರ್. ಮರ್ಜರ್‌ನಲ್ಲಿ ಮೊದಲು ಕೇಳೋದು ಆಸ್ತಿ ಯಾರ ಹೆಸರಿಗೆ, ಸಾಲ ಯಾರ ತಲೆಗೆ ಅಂತ. ಇಲ್ಲಿ ಆ ಪ್ರಶ್ನೆ ಕೇಳಿದ್ದು ನಿರ್ಮಲ್ ತರದವರು, ಅದೂ ಮೂವತ್ತು ವರ್ಷ ಆದ್ಮೇಲೆ.

ಕಾನೂನಿನಲ್ಲೂ ಒಂದು ಗೆರೆ ಇದೆ. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಪಟ್ಟಿ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದ್ರು. ಇದನ್ನ ನೋಡೋಕೆ ಅಂತ 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸ್ತು.

ಮುಂದಿನ ಭಾಗ: ಸೆಪ್ಟೆಂಬರ್ 8, ಶಿವಾಜಿನಗರದ ಸೇಂಟ್ ಮೇರೀಸ್ ತೇರು. ಹಳೇ ಫೋಟೋ ಮನೇಲಿದ್ರೆ ಡಿಎಂ ಮಾಡಿ.

#ದಂಡುಕಥೆಗಳು #ಶಿವಾಜಿನಗರ #ಹಲಸೂರು