1836 ಎಂದು ಬರೆದ ಮಾತ್ರಕ್ಕೆ

ಅಮೆರಿಕದಲ್ಲಿ 1804ರಿಂದ ನಿಂತೇಹೋಗಿದ್ದ ಬೆಳ್ಳಿ ಡಾಲರು ಮತ್ತೆ ಚಲಾವಣೆಗೆ ಬಂದದ್ದು 1836ರ ಕೊನೆಯಲ್ಲಿ, ಫಿಲಡೆಲ್ಫಿಯಾದ ಟಂಕಸಾಲೆ ಹೊರತಂದ ಒಂದು ಸಾವಿರ ನಾಣ್ಯಗಳ ಮೂಲಕ. ನಿರ್ದೇಶಕ ರಾಬರ್ಟ್ ಪ್ಯಾಟರ್ಸನ್ ಈ ನಾಣ್ಯದ ಚಿತ್ರಗಳಿಗಾಗಿ ಕಲಾವಿದರ ಮೊರೆಹೋದರು. ಕುಳಿತ ಸ್ವಾತಂತ್ರ್ಯದೇವಿಯ ರೇಖೆ ಥಾಮಸ್ ಸಲ್ಲಿ ಅವರದು, ಹಾರುವ ಹದ್ದು ಟಿಷನ್ ಪೀಲ್ ಅವರದು. ಎರಡನ್ನೂ ಉಕ್ಕಿನ ಅಚ್ಚಿಗೆ ಇಳಿಸಿದವರು ಕ್ರಿಶ್ಚಿಯನ್ ಗೋಬ್ರೆಕ್ಟ್. ನಾಣ್ಯಕ್ಕೆ ಅವರ ಹೆಸರೇ ನಿಂತಿತು. 1838 ಮತ್ತು 1839ರ ತೇದಿ ಹೊತ್ತವೂ ಇವೆ, ಆದರೆ ಸಂಖ್ಯೆ ಬಹಳ ಕಡಿಮೆ.

ಗೊಂದಲ ಶುರುವಾದದ್ದು ಸುಮಾರು ಇಪ್ಪತ್ತು ವರ್ಷಗಳ ಮೇಲೆ. 1857ರಲ್ಲಿ ದೊಡ್ಡ ತಾಮ್ರದ ಸೆಂಟ್ ರದ್ದಾದಾಗ ಹಳೆಯ ನಾಣ್ಯ ಕೂಡಿಡುವ ಹುಮ್ಮಸ್ಸು ಅಮೆರಿಕದಲ್ಲೆಲ್ಲ ಹಬ್ಬಿತು, ಅಪರೂಪದ ಡಾಲರುಗಳಿಗೆ ಬೇಡಿಕೆ ಏರಿತು. ಆಗ ನಿರ್ದೇಶಕರಾಗಿದ್ದ ಜೇಮ್ಸ್ ರಾಸ್ ಸ್ನೋಡನ್ ಅವರ ಕಾಲದಲ್ಲಿ ಗೋಬ್ರೆಕ್ಟ್ ಅವರ ಅಚ್ಚುಗಳನ್ನು ಮತ್ತೆ ಯಂತ್ರಕ್ಕೆ ಏರಿಸಿ, ಹಳೆಯ ತೇದಿಯ ಡಾಲರುಗಳನ್ನೇ ಹೊಸದಾಗಿ ಒತ್ತಲಾಯಿತು. ಟಂಕಸಾಲೆಯ ಸಂಗ್ರಹಕ್ಕೆ ಜಾರ್ಜ್ ವಾಷಿಂಗ್ಟನ್ ಅವರ ನೆನಪಿನ ಪದಕಗಳನ್ನು ಕೂಡಿಸುವುದು ಸ್ನೋಡನ್ ಅವರ ಹಂಬಲ. ಅಂಥ ಪದಕ ಕೊಟ್ಟವರಿಗೆ ಬದಲಿಯಾಗಿ ಇಂಥ ವಿರಳ ನಾಣ್ಯ ಸಿಗುತ್ತಿತ್ತು. ಒತ್ತಿದ್ದು ಎಷ್ಟು ಎಂಬ ಲೆಕ್ಕವನ್ನು ಮಾತ್ರ ಇಡಲಿಲ್ಲ. ಈ ಪ್ರಸಂಗದಲ್ಲಿ ನಿಜವಾದ ತಪ್ಪು ಮರುಟಂಕಣವಲ್ಲ, ಆ ಮೌನ.

ಅಚ್ಚು ಅದೇ, ಟಂಕಸಾಲೆ ಅದೇ, ಬೆಳ್ಳಿಯೂ ಸಾಚಾ. ಮತ್ತೇಕೆ ತಕರಾರು ಎಂದು ಕೇಳುವವರಿದ್ದಾರೆ. ಅವು ಖೋಟಾ ಅಲ್ಲ, ಒಪ್ಪೋಣ. ಆದರೆ ನಾಣ್ಯದ ಮೇಲಿನ ಇಸವಿ ಬರೀ ಅಲಂಕಾರವಲ್ಲ, ಸಾಕ್ಷ್ಯ. 1859ರಲ್ಲಿ ಒತ್ತಿದ್ದು 1836ರದೆಂದು ಹೇಳಿಕೊಂಡರೆ ಎರಡೂ ವರ್ಷಗಳ ಚರಿತ್ರೆ ಕೆಡುತ್ತದೆ. ತೂಗಿ ನೋಡಿದರೆ ತಿಳಿಯದೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ. 1836ರಲ್ಲಿ ಡಾಲರಿನ ತೂಕ 416 ಗ್ರೇನ್. 1837ರ ಜನವರಿಯ ಕಾಯ್ದೆ ಅದನ್ನು 412.5ಕ್ಕೆ ಇಳಿಸಿತು. ಮರುಟಂಕಣಗಳು ಹಗುರ ತೂಕದವು ಎನ್ನೋಣವೆಂದರೆ, 1837ರಲ್ಲಿ 1836ರ ತೇದಿಯಲ್ಲೇ ಒತ್ತಿದ ಸುಮಾರು 600 ನಾಣ್ಯಗಳೂ ಅದೇ ತೂಕದವು. ಮುಂಬದಿಯ ಚಿತ್ರಕ್ಕೂ ಹಿಂಬದಿಯ ಚಿತ್ರಕ್ಕೂ ನಡುವಿನ ಕೋನವನ್ನು ಗುರುತಾಗಿ ಅನೇಕರು ನಂಬಿದರು. ಆದರೆ ಒತ್ತುವಾಗಲೇ ಅಚ್ಚು ಸಡಿಲಗೊಂಡು ತಿರುಗಬಲ್ಲದು. ಹೆಚ್ಚು ನೆಚ್ಚಬಹುದಾದದ್ದು ಅಚ್ಚಿನ ಸವೆತ. ಉಕ್ಕಿನಲ್ಲಿ ಬಿರುಕು ಬಿಟ್ಟರೆ ಮತ್ತೆ ಕೂಡುವುದಿಲ್ಲ, ತುಕ್ಕಿನ ಕುಳಿ ತಾನಾಗಿ ತುಂಬುವುದಿಲ್ಲ. ಬಿರುಕಿಲ್ಲದ್ದು ಮೊದಲು, ಬಿರುಕಿನದು ಆಮೇಲೆ. 1838, 1839ರವುಗಳಲ್ಲಿ ಅಂಚೂ ನೆರವಾಗುತ್ತದೆ: ಮೂಲದವಕ್ಕೆ ಗೀರಿನ ಅಂಚು, ಮರುಟಂಕಣಗಳಲ್ಲಿ ಹೆಚ್ಚಿನವಕ್ಕೆ ನುಣುಪು ಅಂಚು.

ಮರುಟಂಕಣಗಳಿಂದಲೇ ಈ ಸುಂದರ ವಿನ್ಯಾಸ ಹೆಚ್ಚು ಜನರ ಕೈಸೇರಿತಲ್ಲ ಎಂಬ ವಾದಕ್ಕೂ ಹುರುಳಿದೆ. ಸಲ್ಲಿ, ಪೀಲ್, ಗೋಬ್ರೆಕ್ಟ್ ಮೂವರ ಕೆಲಸ ಅಂಥ ಪ್ರಸಾರಕ್ಕೆ ಅರ್ಹವೇ ಆಗಿತ್ತು. ಮರುಟಂಕಣಗಳನ್ನು ಕೀಳೆಂದು ಬದಿಗಿಡುವುದೂ ಸಲ್ಲದು: ಸರ್ಕಾರಿ ಟಂಕಸಾಲೆಯೊಂದು ಸಂಗ್ರಾಹಕರ ಆಸೆಗೆ ಹೇಗೆ ಒಲಿಯಿತು ಎಂಬುದಕ್ಕೆ ಅವೇ ದಾಖಲೆ. ಹಾಗಾಗಿ ಪಟ್ಟಿಗಳಲ್ಲಿ ಇಂಥ ನಾಣ್ಯದ ಮುಂದೆ ಎರಡು ಕಾಲ ನಮೂದಾಗಬೇಕು, ಮುಖದ ಮೇಲಿನ ವರ್ಷ ಒಂದು, ಅಚ್ಚಿನ ಬಿರುಕು ತಿಳಿಸುವ ಕಾಲ ಇನ್ನೊಂದು.