ಅಶ್ವಶಕ್ತಿಯ ಅಳತೆ: ಡೈನಮೊಮೀಟರ್ ಬದಲಾದರೆ ಅಂಕಿಯೂ ಬದಲು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತ ಟ್ರ್ಯಾಕ್ಟರ್ ಕೊಳ್ಳಲು ಹೋದಾಗ ಮೊದಲು ಕಿವಿಗೆ ಬೀಳುವುದು ಎಚ್‌ಪಿ. ಕಾರು ಕೊಳ್ಳುವ ನಗರವಾಸಿಯೂ ಅದೇ ಅಂಕಿಯನ್ನು ನೋಡುತ್ತಾನೆ. ಆದರೆ ಅದನ್ನು ಯಂತ್ರದ ಯಾವ ಭಾಗದಲ್ಲಿ, ಯಾವ ಸಾಧನದಿಂದ ಅಳೆಯಲಾಯಿತು ಎಂದು ಕೇಳುವವರು ವಿರಳ.

ಅಳೆಯುವ ಸಾಧನದ ಹೆಸರು ಡೈನಮೊಮೀಟರ್. ಇದು ಅಶ್ವಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ತಿರುಗುವ ದಂಡಕ್ಕೆ ತಡೆಯೊಡ್ಡಿ ಅದರ ಟಾರ್ಕ್, ಅಂದರೆ ತಿರುಚುಬಲವನ್ನೂ ನಿಮಿಷದ ಸುತ್ತುಗಳನ್ನೂ ದಾಖಲಿಸುತ್ತದೆ. ಕಿಲೋ-ಮೀಟರ್ ಲೆಕ್ಕದ ಟಾರ್ಕನ್ನು ಸುತ್ತುಗಳಿಂದ ಗುಣಿಸಿ 716ರಿಂದ ಭಾಗಿಸಿದರೆ ಮೆಟ್ರಿಕ್ ಅಶ್ವಶಕ್ತಿ ಸಿಗುತ್ತದೆ. 2,000 ಸುತ್ತುಗಳಲ್ಲಿ 14.3 ಕಿಲೋ-ಮೀಟರ್ ಟಾರ್ಕ್ ಇದ್ದರೆ ಸುಮಾರು 40 ಎಚ್‌ಪಿ.

ತಡೆಯೊಡ್ಡುವ ವಿಧಾನದಿಂದಲೇ ಬಗೆಗಳು ಹುಟ್ಟಿವೆ. 1821ರಲ್ಲಿ ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ ಬಳಸಿದ್ದು ಘರ್ಷಣೆಯ ಬ್ರೇಕ್. ಬೇಗ ಕಾಯುವುದೇ ಅದರ ದೋಷ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಹಡಗಿನ ಎಂಜಿನ್‌ಗಳಿಗಾಗಿ ನೀರಿನ ಬ್ರೇಕ್ ರೂಪಿಸಿದ. ಶಾಖವನ್ನು ನೀರೇ ಹೊತ್ತೊಯ್ಯುವುದರಿಂದ ಭಾರೀ ಎಂಜಿನ್‌ಗಳಿಗೆ ಇಂದಿಗೂ ಇದು ಯೋಗ್ಯ. ಕಾಂತಕ್ಷೇತ್ರದಲ್ಲಿ ಲೋಹದ ಚಕ್ರ ತಿರುಗಿಸುವ ಎಡ್ಡಿ ಕರೆಂಟ್ ಮಾದರಿಯಲ್ಲಿ ಭಾರವನ್ನು ವಿದ್ಯುತ್ತಿನಿಂದ ತಕ್ಷಣ ಏರಿಳಿಸಬಹುದು. ಎಸಿ ಮೋಟಾರ್ ಮಾದರಿಯು ಎಂಜಿನನ್ನು ತಾನೇ ತಿರುಗಿಸಿ ಒಳಗಿನ ಘರ್ಷಣೆಯ ನಷ್ಟವನ್ನೂ ತೋರಿಸಬಲ್ಲದು, ಆದರೆ ಬಲು ದುಬಾರಿ.

ಗ್ರಾಹಕನಿಗೆ ಇದಕ್ಕಿಂತ ಮುಖ್ಯವಾದುದು ಅಳತೆಯ ಜಾಗ. ಕಾರು ಕಂಪನಿ ಪ್ರಕಟಿಸುವುದು ಬಿಡಿ ಎಂಜಿನ್ನಿನ ಶಕ್ತಿ. ಅದೇ ಕಾರನ್ನು ರೋಲರ್‌ಗಳ ಮೇಲೆ ಓಡಿಸುವ ಚಾಸಿಸ್ ಡೈನಮೊಮೀಟರ್‌ಗೆ ಏರಿಸಿದರೆ ಗೇರ್‌ಬಾಕ್ಸ್, ಟೈರುಗಳ ನಷ್ಟ ಕಳೆದು ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಕಡಿಮೆ ತೋರಿಸುತ್ತದೆ. ಭಾರದ ಉರುಳೆಯನ್ನು ವೇಗಗೊಳಿಸಿ ಲೆಕ್ಕ ಹಾಕುವ ಜಡತ್ವ ಮಾದರಿ ಅಗ್ಗ. ಆದರೆ ದೀರ್ಘಕಾಲ ಸ್ಥಿರ ಭಾರ ಹೊರಿಸಲು ಅದರಿಂದಾಗದು. ಟ್ಯೂನಿಂಗ್‌ನಿಂದ ಶಕ್ತಿ ಹೆಚ್ಚಿತೆಂದು ಹೇಳುವ ಗ್ಯಾರೇಜು ಮೊದಲಿನ ಮತ್ತು ನಂತರದ ಅಳತೆಗಳನ್ನು ಒಂದೇ ಯಂತ್ರದ ಮೇಲೆ ತೋರಿಸದಿದ್ದರೆ ಆ ಮಾತನ್ನು ನಂಬಬೇಕಿಲ್ಲ.

ಟ್ರ್ಯಾಕ್ಟರಿನದು ಇನ್ನೂ ಸೂಕ್ಷ್ಮ. ರೋಟಾವೇಟರ್ ತಿರುಗಿಸುವುದು ಹಿಂಬದಿಯ ಪಿಟಿಒ ದಂಡ; ಅದಕ್ಕೆ ಪಿಟಿಒ ಡೈನಮೊಮೀಟರ್ ಜೋಡಿಸುತ್ತಾರೆ. ನೇಗಿಲು, ಟ್ರೇಲರ್ ಎಳೆಯಲು ಬೇಕಾದುದು ಡ್ರಾಬಾರ್ ಶಕ್ತಿ. ಭಾರ ಹೊರಿಸುವ ಗಾಡಿಯನ್ನು ಹಿಂದೆ ಕಟ್ಟಿ ಎಳೆಸಿ ಇದನ್ನು ಅಳೆಯಲಾಗುತ್ತದೆ: ಗಂಟೆಗೆ 5 ಕಿ.ಮೀ. ವೇಗದಲ್ಲಿ 1,350 ಕಿಲೋ ಎಳೆತಕ್ಕೆ 25 ಎಚ್‌ಪಿ. ಗಟ್ಟಿ ಟ್ರ್ಯಾಕ್ ಮೇಲಿನ ಈ ಅಂಕಿ ಚಕ್ರ ಜಾರುವ ಹಸಿ ಎರೆಭೂಮಿಯಲ್ಲಿ ಮತ್ತಷ್ಟು ಕುಸಿಯುತ್ತದೆ.

ತಯಾರಕರ ಉತ್ಪ್ರೇಕ್ಷೆಗೆ ಬೇಸತ್ತು ಅಮೆರಿಕದ ನೆಬ್ರಾಸ್ಕ ರಾಜ್ಯ 1919ರಲ್ಲೇ ಟ್ರ್ಯಾಕ್ಟರ್ ಪರೀಕ್ಷೆಯನ್ನು ಕಡ್ಡಾಯಗೊಳಿಸಿತ್ತು. ಭಾರತದಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಈ ಕೆಲಸ ಮಾಡುತ್ತದೆ. ಅದರ ವರದಿಗಳಲ್ಲಿ ಪಿಟಿಒ ಮತ್ತು ಡ್ರಾಬಾರ್ ಶಕ್ತಿ ಪ್ರತ್ಯೇಕವಾಗಿ ನಮೂದಾಗಿರುತ್ತವೆ. ರೋಟಾವೇಟರ್‌ಗಾಗಿ ಕೊಳ್ಳುವವರು ಪಿಟಿಒ ಅಂಕಿಯನ್ನೂ, ರಂಟೆ ಹೊಡೆಯಲು ಕೊಳ್ಳುವವರು ಡ್ರಾಬಾರ್ ಅಂಕಿಯನ್ನೂ ಹೋಲಿಸುವುದು ಸೂಕ್ತ. ವರದಿ ಓದುವಾಗ ಪರೀಕ್ಷೆಯ ದಿನದ ತಾಪಮಾನ, ವಾಯುಭಾರವನ್ನೂ ಗಮನಿಸಬೇಕು. ಬಿಸಿ ಗಾಳಿಯಲ್ಲಿ ಆಮ್ಲಜನಕ ವಿರಳವಾಗಿ ಅದೇ ಎಂಜಿನ್ ಕಡಿಮೆ ಶಕ್ತಿ ನೀಡುತ್ತದೆ.