ಕ್ಯಾಪ್ಟನ್ ಬಿಗ್ಸ್ ಮತ್ತು ನಮ್ಮ ಕಲ್ಲುಗಳು

ಜೈನಾಪುರ, ಬಬಲೇಶ್ವರ, ತಿಕೋಟಾಗಳ ಸುತ್ತಿನ ನಮಗೆ ವಿಜಯಪುರದ ಗೋಳಗುಮ್ಮಟ ಎಷ್ಟು ಪರಿಚಿತವೆಂದರೆ, ನಾವು ಅದನ್ನು ನಿಂತು ನೋಡುವುದನ್ನೇ ಬಿಟ್ಟಿದ್ದೇವೆ. ಆದರೆ 1855ರಲ್ಲಿ ಅದನ್ನು ಬಹು ಎಚ್ಚರದಿಂದ ನೋಡಿದ ಪರದೇಶೀಯನೊಬ್ಬನಿದ್ದ. ಬಾಂಬೆ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಆತ, ನಮ್ಮ ಸೀಮೆಯ ಕಟ್ಟಡಗಳನ್ನು ಛಾಯಾಚಿತ್ರಗಳಲ್ಲಿ ಕ್ರಮವಾಗಿ ದಾಖಲಿಸಿದ ಮೊದಲಿಗರಲ್ಲೊಬ್ಬ.

1686ರಲ್ಲಿ ಔರಂಗಜೇಬನ ವಶವಾದ ಮೇಲೆ ಆದಿಲಶಾಹಿಗಳ ರಾಜಧಾನಿ ಕ್ರಮೇಣ ಹಾಳುಬಿದ್ದಿತು. 1848ರಲ್ಲಿ ಸಾತಾರಾ ಸಂಸ್ಥಾನದೊಡನೆ ಅದು ಕಂಪನಿ ಸರಕಾರದ ಕೈಸೇರಿತು. ಹಳೆಯ ಕಟ್ಟಡಗಳ ಚಿತ್ರಗಳನ್ನು ಕೈಯಿಂದ ಬರೆಸುವುದಕ್ಕೆ ಹಣವೂ ಕಾಲವೂ ಬಹಳ ಬೇಕಾಗುತ್ತಿತ್ತು. ಛಾಯಾಚಿತ್ರದಿಂದ ಇವೆರಡೂ ಉಳಿಯುವವೆಂಬ ವಿಚಾರ ಬಲಗೊಂಡು, ಮುಂಬಯಿ ಸರಕಾರ ಬಿಗ್ಸನನ್ನು ಈ ಕಾರ್ಯಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಧಾರವಾಡ ಮೊದಲಾದೆಡೆ ಅವನು ತಿರುಗಿದ.

ಆ ಕಾಲದ ಛಾಯಾಗ್ರಹಣ ಇಂದಿನಂತೆ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸವಲ್ಲ. ಕಾಗದಕ್ಕೆ ಮೇಣವನ್ನು ಇಳಿಸಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಬೆಳಕು ತಾಕದಂತೆ ಕಾದಿಡಬೇಕು. ಕ್ಯಾಮೆರಾದಲ್ಲಿರಿಸಿದ ಮೇಲೆ ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ನಡೆದಾಡುವ ಮನುಷ್ಯ ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಅಲುಗದ ಕಲ್ಲು ಮಾತ್ರ ಉಳಿಯುತ್ತಿತ್ತು. ಇಂಥ ಚಿತ್ರಗಳಲ್ಲಿ ನಮ್ಮ ಊರುಗಳು ನಿರ್ಜನವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಊರಿನಲ್ಲಿ ಜನರಿದ್ದರು, ಕಾಗದಕ್ಕೆ ಅವರನ್ನು ಹಿಡಿಯುವ ಶಕ್ತಿಯಿರಲಿಲ್ಲ.

ವರ್ಷ ತುಂಬುವುದರೊಳಗೆ ಬಿಗ್ಸನನ್ನು ಸೈನ್ಯಕ್ಕೆ ಮರಳಿ ಕರೆಸಿಕೊಳ್ಳಲಾಯಿತು. ಅವನ ಕೆಲಸವನ್ನು ಮುಂದುವರಿಸಿದ ವೈದ್ಯ ಪಿಗೌ 1858ರಲ್ಲಿ ತೀರಿಕೊಂಡ. ಇವರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಿಂದ ಭಾರಿ ಸಂಪುಟಗಳಾಗಿ ಹೊರಬಂದವು. ಬಿಜಾಪುರದ ಸಂಪುಟಕ್ಕೆ ಮೆಡೋಸ್ ಟೇಲರ್ ಇತಿಹಾಸವನ್ನು ಬರೆದರೆ, ಜೇಮ್ಸ್ ಫರ್ಗುಸನ್ ವಾಸ್ತುಶಿಲ್ಪದ ಟಿಪ್ಪಣಿಗಳನ್ನು ಬರೆದ.

ಕನ್ನಡಿಗರಿಗೆ ಇನ್ನೂ ಹತ್ತಿರದ ಫಲವೊಂದಿದೆ. ಬಿಗ್ಸ್ ಮತ್ತು ಪಿಗೌ ತೆಗೆದ ಶಾಸನಗಳ ಚಿತ್ರಗಳನ್ನು ಹೋಪ್ ಎಂಬ ಅಧಿಕಾರಿ ಅದೇ ವರ್ಷ ಪ್ರಕಟಿಸಿದ. ಅದಕ್ಕೂ ಮೊದಲು ಶಾಸನಗಳನ್ನು ಕೈಯಿಂದ ನಕಲು ಮಾಡುತ್ತಿದ್ದರು. ನಕಲುಗಾರನ ತಪ್ಪು ಓದುಗನ ತಪ್ಪಾಗುತ್ತಿತ್ತು. ಈಗ ಅಕ್ಷರ ಕಲ್ಲಿನಲ್ಲಿ ಇದ್ದಂತೆಯೇ ವಿದ್ವಾಂಸನ ಮೇಜಿಗೆ ಬಂದಿತು. ಜೆ. ಎಫ್. ಫ್ಲೀಟ್ ಹಳಗನ್ನಡ ಶಾಸನಗಳನ್ನು ಓದಲು ಈ ಚಿತ್ರಗಳನ್ನು ಬಳಸಿಕೊಂಡರು. ಮೈಸೂರಿನಲ್ಲಿ ಮೇಜರ್ ಡಿಕ್ಸನ್ ತೆಗೆದ ಚಿತ್ರಗಳು ಬಿ. ಎಲ್. ರೈಸರ 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆಧಾರವಾದವು. ನಮ್ಮ ಶಾಸನಶಾಸ್ತ್ರದ ಮೊದಲ ಹೆಜ್ಜೆಗಳಲ್ಲಿ ಕ್ಯಾಮೆರಾದ ಪಾಲು ಸಣ್ಣದಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಬಿಜಾಪುರ ಸಂಪುಟದ ಮುಖಪುಟದಲ್ಲಿ ಆಂಗ್ಲ ಅಧಿಕಾರಿಗಳ ಹೆಸರುಗಳು ಒಂದೊಂದಾಗಿ ಅಚ್ಚಾಗಿವೆ. ಅವರೊಡನೆ ನಕ್ಷೆ ಬರೆದ ನಮ್ಮವರು ಮಾತ್ರ ಬರಿಯ ‘ದೇಶೀಯ ನಕ್ಷೆಗಾರರು’. ಕ್ಯಾಮೆರಾ ಕಾಣದೆ ಬಿಟ್ಟ ದಾರಿಹೋಕರ ಗತಿಯೇ, ಲೇಖನಿ ಬರೆಯದೆ ಬಿಟ್ಟ ಇವರ ಗತಿಯೂ ಆಯಿತು. ಬಿಗ್ಸನ ಉಪಕಾರವನ್ನು ನೆನೆಯುವಾಗ ನಾನು ಈ ಹೆಸರಿಲ್ಲದವರನ್ನೂ ನೆನೆಯುತ್ತೇನೆ.

ಇಂದು ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಆದರೂ ಹಳ್ಳಿಗಳಲ್ಲಿ ಅಕ್ಷರವುಳ್ಳ ಕಲ್ಲು ಅಗಸೆಯ ಮೆಟ್ಟಿಲಾಗುವುದು, ಗೋಡೆಯೊಳಗೆ ಸೇರಿಹೋಗುವುದು ನಿಂತಿಲ್ಲ. ಅಂಥ ಒಂದು ಕಲ್ಲಿನ ಚಿತ್ರ ತೆಗೆದು, ಊರು, ದಿನ, ತೋರಿಸಿಕೊಟ್ಟವರ ಹೆಸರು ಬರೆದಿಟ್ಟರೆ, ಬಿಗ್ಸನ ಕೆಲಸವನ್ನು ಅವನಿಗಿಂತ ಒಂದು ಹೆಜ್ಜೆ ಮುಂದೆ ಒಯ್ದಂತಾಗುತ್ತದೆ.